ಗಾಳಿ ಒಡೆಯುವ ಸರದಿ

ಸಾಲಾಗಿ ಸೈಕಲ್ ಓಡಿಸುವಾಗ ಮುಂದಿರುವವರು ಎದುರುಗಾಳಿ ಒಡೆಯುತ್ತಾರೆ, ಹಿಂದಿನವರಿಗೆ ತುಳಿಯುವುದು ಹಗುರಾಗುತ್ತದೆ. ದಣಿದವರು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಬರುತ್ತಾರೆ, ಮುಂದೆ ಇನ್ನೊಬ್ಬರ ಸರದಿ. ಸರದಿ ತಪ್ಪಿಸಿದವರನ್ನು ವಿಜಯಪುರದ ಸವಾರರು ಚಹಾದಂಗಡಿಯಲ್ಲಿ ಸುಮ್ಮನೆ ಬಿಡುವುದಿಲ್ಲ.

ನನ್ನ ಮಗಳು ಎಂದೂ ಸರದಿ ತಪ್ಪಿಸಿದವಳಲ್ಲ. ಹೋದ ವರ್ಷ ಅಥಣಿ ರಸ್ತೆಯ ಏರಿನಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಳು. ಬಿಸಿಲಿಗೆ ಹಾಗಾಯಿತು ಎಂದುಕೊಂಡೆವು. ಸ್ಕ್ಯಾನಿಂಗ್‌ನಲ್ಲಿ ಹೃದಯದ ಸ್ನಾಯು ದಪ್ಪಗಾಗಿರುವುದು ಕಂಡಿತು.

"ಗುಂಡಿಗಿ ದಪ್ಪ ಆದ್ರ ಗಟ್ಟಿ ಆದಂಗ ಅಲ್ಲೇನೋ?" ಎಂದಳು ನನ್ನ ತಾಯಿ. ಅಲ್ಲ, ಅದು ವಂಶದಲ್ಲಿ ಬರುವ ಕಾಯಿಲೆ ಎಂದು ತಿಳಿಸಿದೆ. ಅವಳು ಬಾಗಿಲು ಮುಂದೆ ಮಾಡಿ, "ಹೊರಗ ಮೊಣಕಾಲ ಬ್ಯಾನಿ ಅಂತ ಹೇಳ್ರಿ. ನಾಳೆ ಲಗ್ನದ ಮಾತು ಬಂದಾಗ ಯಾರ್ಯಾರ ಬಾಯಿ ಮುಚ್ಚತೀರಿ?" ಎಂದಳು.

ತಿಂಗಳುಗಟ್ಟಲೆ ಔಷಧಿ, ಪರೀಕ್ಷೆ ನಡೆದವು. ಆಮೇಲೆ ಡಾಕ್ಟರು ಮಗಳನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿದರು. ಅಪಾಯ ಪೂರ್ತಿ ಹೋಗುವುದಿಲ್ಲ, ಸದ್ಯಕ್ಕೆ ಸ್ಪರ್ಧೆ ಬೇಡ. ಸೈಕಲ್ ಬಿಡಲೇಬೇಕೆಂದಿಲ್ಲ, ಆದರೆ ನಾಡಿಬಡಿತ ತಾವು ಹೇಳಿದ ಮಿತಿ ದಾಟಬಾರದು. ಒಬ್ಬಳೇ ಹೋಗಬಾರದು. ಜೊತೆಗಾರರಿಗೆ ಕಾಯಿಲೆ ಗೊತ್ತಿರಬೇಕು, ಅವರಿಗೆ ಎದೆ ಒತ್ತಿ ಜೀವ ಉಳಿಸಲು ಬರಬೇಕು.

ಮತ್ತೆ ಸೈಕಲ್ ಹತ್ತಿದ ಮೊದಲ ದಿನ ಅವಳು ಸಾಲಿನ ಕೊನೆಯಲ್ಲೇ ಉಳಿದಳು. ನಾನು ಸ್ಕೂಟರಿನಲ್ಲಿ ಹಿಂದಿದ್ದೆ. ತಿಕೋಟಾದಲ್ಲಿ ಚಹಾಕ್ಕೆ ನಿಂತಾಗ ಹಿರಿಯ ಸವಾರನೊಬ್ಬ ಶುರು ಮಾಡಿದ.

"ಏನ್ ಬೇ, ನಮ್ಮ ಬೆನ್ನ ಹಿಂದ ಆರಾಮ ಕುಂತ ಬಂದಿ? ಬಸ್ಸಿನ್ಯಾಗ ಬಂದಿದ್ರ ಇನ್ನೂ ಆರಾಮ ಇತ್ತಲ್ಲ."

"ಮೊಣಕಾಲ..." ಎಂದವಳು ನನ್ನತ್ತ ನೋಡಿದಳು. ಚಹಾದ ಕಪ್ ಕೆಳಗಿಟ್ಟಳು. "ಮೊಣಕಾಲ ಅಲ್ಲಣ್ಣಾ, ಎದಿ." ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. "ನಾ ಬಿದ್ರ ಏನ್ ಮಾಡಬೇಕು ಅನ್ನೋದು ಕಲೀತೀರೋ ಇಲ್ಲೋ, ಅಷ್ಟ ಹೇಳ್ರಿ. ಇಲ್ಲಂದ್ರ ನಾಳೆಯಿಂದ ನಾ ಬರಂಗಿಲ್ಲ."

ಅವನು ಚಹಾ ಮುಗಿಸಿದ. "ಕಲಿಸೋರು ಯಾರ ಅದಾರ?"

ಭಾನುವಾರ ನಮ್ಮ ಮಾಳಿಗೆಯ ಮೇಲೆ ಪರಿಚಯದ ನರ್ಸ್ ಒಬ್ಬರು ರಬ್ಬರಿನ ಬೊಂಬೆ ತಂದು ಎಲ್ಲರಿಗೂ ಕಲಿಸಿದರು. ಚಹಾ ತಂದ ನನ್ನ ತಾಯಿಗೆ ಗುಟ್ಟು ಉಳಿದಿಲ್ಲವೆಂದು ತಿಳಿಯಿತು. ನಿಂತು ನೋಡಿದಳು.

"ಹಿಂಗ ಒತ್ತಿದ್ರ ಎಲುಬು ಮುರಿಯಂಗಿಲ್ಲೇನ್ರಿ?"

"ಮುರಿದ್ರೂ ಕೂಡ್ತಾವ್ರಿ ಆಯಿ. ಜೀವ ಹೋದ್ರ ಬರಂಗಿಲ್ಲ."

ತಾಯಿ ಸೆರಗು ಸಿಕ್ಕಿಸಿ ಬೊಂಬೆಯ ಪಕ್ಕ ಕೂತಳು. "ಅತ್ತಾಗ ಸರೀರೆಪ್ಪಾ. ನನಗೂ ತೋರಸ್ರಿ."

ಮುಂದಿನ ವಾರ ಸಾಲು ಬಬಲೇಶ್ವರದ ಕಡೆ ಹೋಯಿತು. ಎದುರುಗಾಳಿ ಇತ್ತು, ಮಗಳು ಕೊನೆಗೇ ಇದ್ದಳು. ಒಂದು ಏರಿನಲ್ಲಿ ನಾಡಿಬಡಿತ ಮಿತಿ ಮುಟ್ಟಿ ಕೈಗಡಿಯಾರ ಕೂಗಿದಾಗ ಇಳಿದು ಸೈಕಲ್ ತಳ್ಳಿಕೊಂಡು ನಡೆದಳು. ಉಳಿದವರು ಮೇಲೆ ಕಾದರು.

ಮರಳುವಾಗ ಗಾಳಿ ಬೆನ್ನಿಗಿತ್ತು.

"ಈಗ ನೀ ಮುಂದ ನಡಿ," ಎಂದ ಆ ಹಿರಿಯ.

"ಗಾಳಿ ಬೆನ್ನಿಗಿ ಇದ್ದಾಗ ಅದೆಂಥಾ ಸರದಿ ಅಣ್ಣಾ?"

"ನಿನ್ನ ಪಾಲಿಂದು. ಮಾತ ಸಾಕು, ತುಳಿ."

ಅವಳು ಮುಂದೆ ಹೋದಳು. ಊರು ಕಾಣುವ ಮೊದಲೇ ಗಡಿಯಾರ ಮತ್ತೆ ಕೂಗಿತು. ಎಲ್ಲರಂತೆ ಪಕ್ಕಕ್ಕೆ ಸರಿದು, ಸಾಲನ್ನು ಮುಂದೆ ಬಿಟ್ಟು, ಕೊನೆಯ ಚಕ್ರದ ಹಿಂದೆ ಸೇರಿಕೊಂಡಳು. ಯಾರೂ ತಿರುಗಿ ನೋಡಲಿಲ್ಲ.