ಎಲ್ಲರಿಗೂ ಅನುಮತಿ

ಮದ್ದೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವ ತೂಬಾ ದಿನವೂ ಮಳವಳ್ಳಿಯಿಂದ ಏಳೂವರೆಯ ಬಸ್ಸಿಗೆ ಬರುತ್ತಾಳೆ. ಅವಳ ಅಪ್ಪ ನಜೀರ್ ಅಹ್ಮದ್ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಮೋಟಾರು ಬಿಚ್ಚುವ ಮೊದಲು ಅದರ ಸದ್ದು ಕೇಳಬೇಕೆಂದು ಅವನು ಹೇಳಿಕೊಟ್ಟದ್ದು, ನಾಲ್ಕು ವರ್ಷದ ಇಂಜಿನಿಯರಿಂಗ್ ಓದಿಗಿಂತ ಮಗಳಿಗೆ ಹೆಚ್ಚು ಉಪಯೋಗಕ್ಕೆ ಬಂದಿತ್ತು.

ಕಾಲೇಜಿನ ಕಾರ್ಯದರ್ಶಿ ಕೆಂಪರಾಜು ಅವರಿಗೆ ಒಂದು ಆಸೆ. ಅಧ್ಯಾಪಕರು ತಮ್ಮ ಬಗ್ಗೆ ಏನೇನು ಬರೆದುಕೊಳ್ಳುತ್ತಾರೋ ಅದನ್ನೆಲ್ಲ ಓದಬೇಕು.

"ಎಲ್ರ ಈಮೇಲೂ ನಂಗೆ ಕಾಣಂಗೆ ಮಾಡಮ್ಮ. ಕಾಲೇಜು ನಂದಲ್ವಾ?"

"ಕಾಲೇಜು ನಿಮ್ದು ಸಾರ್, ಮೇಲ್ ಅವರ್ದು. ಬೇಕೇ ಬೇಕು ಅಂದ್ರೆ ಬರ್ದು ಸೈನ್ ಹಾಕ್ಕೊಡಿ."

ಸೈನ್ ಹಾಕುವ ಧೈರ್ಯ ಕಾರ್ಯದರ್ಶಿಗಳಿಗೆ ಇರಲಿಲ್ಲ. ಆದರೆ ಭಾಮೈದ ಸ್ವಾಮಿ ಇದ್ದ. ಅವನ ಕಂಪ್ಯೂಟರ್ ವಿದ್ಯೆಯೆಲ್ಲ ಮೊಬೈಲಿನಲ್ಲಿ ನೋಡಿದ ಹನ್ನೆರಡು ನಿಮಿಷದ ವಿಡಿಯೊ. ತೂಬಾ ರಜೆಯಲ್ಲಿದ್ದ ಶನಿವಾರ ಅವನು ಸರ್ವರ್ ಕೋಣೆಗೆ ಹೊಕ್ಕು, ಇದ್ದಬದ್ದ ಫೈಲುಗಳನ್ನೆಲ್ಲ ಯಾರು ಬೇಕಾದರೂ ಓದುವಂತೆ, ತಿದ್ದುವಂತೆ ತೆರೆದಿಟ್ಟ.

ಸೋಮವಾರ ಬೆಳಿಗ್ಗೆ ಯಾರ ಈಮೇಲೂ ತೆರೆಯಲಿಲ್ಲ. ಸರಿಯಾದ ಪಾಸ್‌ವರ್ಡ್ ಹಾಕಿದರೂ 'ಅನುಮತಿ ಇಲ್ಲ' ಎಂಬ ಉತ್ತರ. ಕಾರ್ಯದರ್ಶಿಗಳಿಗೂ ಅದೇ ಮರ್ಯಾದೆ. ಸ್ವಾಮಿ ಕರೆಂಟನ್ನು ಬೈದ, ಕೀಬೋರ್ಡ್ ಬದಲಿಸಿದ, ಸರ್ವರನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿದ. ಕೊನೆಗೆ ಅದಕ್ಕೆ ಕುಂಕುಮ ಇಟ್ಟು ನಿಂಬೆಹಣ್ಣು ಕಟ್ಟಿದ.

ತೂಬಾ ಬಂದವಳು ಏನನ್ನೂ ಮುಟ್ಟದೆ, ಸರ್ವರ್ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ಲಾಗ್ ಓದಿದಳು. ಪಾಸ್‌ವರ್ಡ್ ಫೈಲನ್ನು ಯಾರು ಬೇಕಾದರೂ ತಿದ್ದಬಹುದಾಗಿದೆ, ಆದ್ದರಿಂದ ಅದನ್ನು ನಂಬುವುದಿಲ್ಲ, ಯಾರನ್ನೂ ಒಳಗೆ ಬಿಡುವುದಿಲ್ಲ ಎಂಬುದು ಅದರ ಸಾರ. ಆ ಕೋಣೆಯಲ್ಲಿ ನಾಚಿಕೆ ಎಂಬುದು ಯಂತ್ರಕ್ಕೊಂದಕ್ಕೇ ಇದ್ದಂತಿತ್ತು.

"ಅದ್ಯಾಕಮ್ಮ ಪರ್ಮಿಷನ್ ಇಲ್ಲ ಅಂತೈತೆ? ನಾನು ಎಲ್ಲಾರ್ಗೂ ಕೊಟ್ಟಿವ್ನಲ್ಲ!" ಎಂದ ಸ್ವಾಮಿ.

"ಎಲ್ಲಾರ್ಗೂ ಕೊಟ್ಟಿದ್ಕೇ ಸಾರ್. ಕಳ್ಳ ನುಗ್ಗವ್ನೆ ಅನ್ಕೊಂಡೈತೆ."

ಒಂದೊಂದೇ ಫೈಲನ್ನು ಅದರದರ ಯಜಮಾನನಿಗೆ ಒಪ್ಪಿಸಿ, ಪಾಸ್‌ವರ್ಡ್ ಫೈಲನ್ನು ಸರ್ವರ್ ಬಿಟ್ಟು ಇನ್ಯಾರೂ ಓದದಂತೆ ಬಿಗಿ ಮಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಮೇಲ್ ತೆರೆಯಿತು. ಆಮೇಲೆ ಅವಳು ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದಳು: 'ಕಾರ್ಯದರ್ಶಿಗಳ ಇಚ್ಛೆಯಂತೆ ಎರಡು ದಿನ ಎಲ್ಲರ ಈಮೇಲ್ ಫೈಲುಗಳೂ ಯಾರು ಬೇಕಾದರೂ ಓದುವಂತೆ ತೆರೆದಿದ್ದವು. ದಯವಿಟ್ಟು ಪಾಸ್‌ವರ್ಡ್ ಬದಲಿಸಿಕೊಳ್ಳಿ.'

ಹಾಳೆ ಹತ್ತೇ ನಿಮಿಷ ಉಳಿಯಿತು. ಅಷ್ಟರಲ್ಲಿ ಗಣಿತದ ದೀಪಿಕ ಮೇಡಂ ಅದರ ಫೋಟೊ ಹೊಡೆದು ಎಲ್ಲರ ಫೋನಿಗೂ ಮುಟ್ಟಿಸಿದ್ದರು.

"ಯಾರ್ನ ಕೇಳಿ ಅಂಟಿಸ್ದೆ?" ಎಂದು ಕೆಂಪರಾಜು ಕೂಗಾಡಿದರು.

ತೂಬಾ ಪೆನ್ನು ತೆಗೆದಳು. "ಅದ್ರಲ್ಲಿ ಸುಳ್ಳಿದ್ರೆ ತೋರ್ಸಿ ಸಾರ್, ತಿದ್ತೀನಿ."

ಕೆಲಸದಿಂದ ತೆಗೆಯುವ ಮಾತೂ ಬಂತು. ತೆಗೆದರೆ ನಾಳೆಯಿಂದ ಸರ್ವರ್ ಸ್ವಾಮಿಯ ಕೈಗೆ ಹೋಗುತ್ತದೆಂದು ಹೊಳೆದು, ಕಾರ್ಯದರ್ಶಿಗಳು ನೀರು ಕುಡಿದು ಆ ಮಾತು ಬಿಟ್ಟರು.

ತಿಂಗಳ ನಂತರ ವಾರ್ಷಿಕೋತ್ಸವದಲ್ಲಿ, ಸರ್ವರ್ ದುರಸ್ತಿಗೆ ಶ್ರಮಿಸಿದ್ದಕ್ಕಾಗಿ ಸ್ವಾಮಿಗೆ ಶಾಲು ಹೊದಿಸಿದರು. ಅಧ್ಯಾಪಕರೆಲ್ಲ ಚಪ್ಪಾಳೆ ತಟ್ಟಿದರು, ದೀಪಿಕ ಮೇಡಂ ಸಹಿತ. ತೂಬಾಳೂ ಎರಡು ಸಲ ತಟ್ಟಿ, ಬಸ್ಸು ತಪ್ಪೀತೆಂದು ಎದ್ದು ಹೊರಟಳು.