ಶನಿವಾರದ ಕಸಕ್ಕೆ ಹೋದ ಕಿಣ್ವ

1979ರಲ್ಲಿ ನಾನು ಪುಣೆಯ ಸಂಶೋಧನಾ ಸಂಸ್ಥೆಯೊಂದರಲ್ಲಿ ತಾತ್ಕಾಲಿಕ ಮೈಕ್ರೊಬಯಾಲಜಿಸ್ಟ್ ಆಗಿದ್ದೆ. ಧಾರವಾಡದಿಂದ ಬಂದು ಸದಾಶಿವ ಪೇಠದ ವಾಡೆಯಲ್ಲಿ ಕೋಣೆ ಹಿಡಿದಿದ್ದೆ. ಮಾರ್ಚಿಯೊಳಗೆ ಫಲಿತಾಂಶ ತೋರಿಸದಿದ್ದರೆ ಕೆಲಸ ಹೋಗುತ್ತಿತ್ತು. ಅದನ್ನು ತೀರ್ಮಾನಿಸುವವರು ವಿಭಾಗದ ಮುಖ್ಯಸ್ಥ ಡಾ. ದೇಸಾಯಿ, ಬೆಳಗಾವಿಯವರು. ನಮ್ಮ ಕಡೆಯವರೆಂದು ಮೊದಲ ದಿನ ಖುಷಿಪಟ್ಟಿದ್ದೆ. ಎಂಥ ಪೆದ್ದಿ ನಾನು!

ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಒಡೆಯಲು ಬ್ಯಾಕ್ಟೀರಿಯಾಕ್ಕೆ ಒಂದು ಕಿಣ್ವ, ಅಂದರೆ ಎಂಜೈಮ್, ಬೇಕು. ನಾವು ಲ್ಯಾಬಿನಲ್ಲಿ ಬೆಳೆಸುತ್ತಿದ್ದ ಬ್ಯಾಕ್ಟೀರಿಯಾ ತಳಿಯಲ್ಲಿ ಅದರ ಜೀನೇ ಇರಲಿಲ್ಲ. ಲ್ಯಾಕ್ಟೋಸ್ ಬಿಟ್ಟರೆ ಹೆಚ್ಚೇನೂ ಆಹಾರವಿಲ್ಲದ, ಬ್ಯಾಕ್ಟೀರಿಯಾ ಬೆಳೆಸುವ ಮುಚ್ಚಳದ ಪ್ಲೇಟಿನಲ್ಲಿ ಅದನ್ನಿಟ್ಟರೆ, ಬೇರೆ ಕೆಲಸದ ಕಿಣ್ವವೊಂದು ಜೀನಿನ ಆಕಸ್ಮಿಕ ವ್ಯತ್ಯಾಸದಿಂದ, ಅಂದರೆ ಮ್ಯುಟೇಷನ್‌ನಿಂದ ಬದಲಾಗಿ ಈ ಕೆಲಸ ಕಲಿತೀತೇ? ಇದು ನನ್ನ ಪ್ರಶ್ನೆ.

ದೇಸಾಯಿಯವರಿಗೋ ಸ್ವಚ್ಛತೆಯ ಹುಚ್ಚು. ವಾರ ದಾಟಿದ ಪ್ಲೇಟುಗಳೆಲ್ಲ ಶನಿವಾರ ಆಟೋಕ್ಲೇವಿನ ಹಬೆಯಲ್ಲಿ ಬೆಂದು ಕಸಕ್ಕೆ ಹೋಗಬೇಕು. ಒಮ್ಮೆ ಇನ್‌ಕ್ಯುಬೇಟರಿನ ಮೂಲೆಯಲ್ಲಿ ಮರೆತುಹೋಗಿದ್ದ ಹಳೆಯ ಪ್ಲೇಟೊಂದು ಸಿಕ್ಕಿತು. ಅದರಲ್ಲೊಂದು ಪುಟ್ಟ ಕಾಲೊನಿ, ಲ್ಯಾಕ್ಟೋಸ್ ತಿಂದು ಬೆಳೆದಂತಿದ್ದ ಬ್ಯಾಕ್ಟೀರಿಯಾದ ಚುಕ್ಕೆ! ಓಡಿಹೋಗಿ ದೇಸಾಯಿಯವರಿಗೆ ತೋರಿಸಿದೆ.

"ಹೊರಗಿನ ಹೊಲಸು ಬಿದ್ದದ ಇದು. ಕೈ ತೊಳ್ಕೊಂಡು ಕೆಲಸ ಮಾಡೂದು ಕಲೀರಿ, ಬಾಯಾರ," ಎಂದರು, ಎಲ್ಲರೆದುರು.

"ನಮ್ಮ ತಳೀನೋ ಅಲ್ಲೋ, ಟೆಸ್ಟ್ ಮಾಡಿ ತೋರಸ್ತೀನ್ರಿ ಸರ್."

"ಏನೂ ಬ್ಯಾಡ." ತಾವೇ ಅದನ್ನು ಆಟೋಕ್ಲೇವಿಗೆ ಹಾಕಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಬದಲಾವಣೆಗೆ ವಾರಗಳೇ ಬೇಕು. ನಾವು ಪ್ರತಿ ಶನಿವಾರ ಅದನ್ನು ಬೇಯಿಸಿ ಎಸೆಯುತ್ತಿದ್ದೆವು. ಸೋಮವಾರ ಹೊಸ ಪ್ಲೇಟುಗಳನ್ನು ತವರದ ಡಬ್ಬಿಯಲ್ಲಿಟ್ಟು, ಮೇಲೆ ಮರಾಠಿಯಲ್ಲಿ ಚೀಟಿ ಅಂಟಿಸಿದೆ: 'ಡಾ. ದೇಸಾಯಿಯವರದು, ಮುಟ್ಟಬಾರದು.' ಶನಿವಾರಗಳು ಕಳೆದವು. ಡಬ್ಬಿಯ ಹತ್ತಿರ ಯಾರೂ ಸುಳಿಯಲಿಲ್ಲ.

ಕಾಲೊನಿಗಳು ಎದ್ದವು. ನಮ್ಮ ತಳಿ ಆಂಟಿಬಯೋಟಿಕ್ ಆದ ಸ್ಟ್ರೆಪ್ಟೊಮೈಸಿನ್‌ಗೆ ಸಾಯುವುದಿಲ್ಲ, ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಇಲ್ಲದೆ ಬೆಳೆಯುವುದಿಲ್ಲ. ಎರಡೂ ಗುರುತು ತಾಳೆಯಾದವು. ಹೊಲಸಲ್ಲ, ಲ್ಯಾಕ್ಟೋಸ್ ಒಡೆಯಲು ಕಲಿತ ನಮ್ಮದೇ ಬ್ಯಾಕ್ಟೀರಿಯಾ. ವಿಭಾಗದ ಸೆಮಿನಾರಿನಲ್ಲಿ ಎಲ್ಲವನ್ನೂ ತೋರಿಸಿದೆ.

"ಇಷ್ಟು ದಿವಸ ಈ ಪ್ಲೇಟ್ ಯಾರು ಇಟ್ಟಾರ?" ದೇಸಾಯಿಯವರ ಮುಖ ಕೆಂಪಾಗಿತ್ತು.

"ಡಬ್ಬಿ ಮ್ಯಾಲ ನಿಮ್ಮ ಹೆಸರಿತ್ರಿ ಸರ್. ಯಾರೂ ಮುಟ್ಟಲಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾರ್ಚಿಯಲ್ಲಿ ನನ್ನನ್ನು ಮುಂದುವರಿಸಲಿಲ್ಲ. ಶನಿವಾರದ ನಿಯಮ ಮಾತ್ರ ಸದ್ದಿಲ್ಲದೆ ರದ್ದಾಗಿತ್ತು. ಆ ಮನುಷ್ಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ.

ಮುಂದೆ ನನ್ನದೇ ಲ್ಯಾಬ್ ಆದಾಗ ಹೊಸಬರಿಗೆ ಮೊದಲು ಹೇಳುತ್ತಿದ್ದದ್ದು ಇಷ್ಟೆ: ಎಸೆಯುವ ಮುನ್ನ ನೋಡಿ. ನನ್ನ ಹೆಸರಿರುವ ಡಬ್ಬಿಯಿದ್ದರೆ ತೆರೆದೇ ನೋಡಿ.