ಅವ್ವನ ಹೆಸರಿನ ಲಾರಿ

ಮೊನ್ನೆ ಹೊಲಿಗೆ ಯಂತ್ರ ರಿಪೇರಿಗೆ ಬಂದ ಹುಡುಗ ತನ್ನ ಚೀಲದಿಂದ ಚಿಮಣಿ ಎಣ್ಣೆಯಲ್ಲಿ ಅದ್ದಿದ ಚಿಂದಿಯೊಂದನ್ನು ಹೊರತೆಗೆದ. ಆ ಎಣ್ಣೆ ಈಗ ಅವನಿಗೆ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ. ವಾಸನೆ ಮೂಗಿಗೆ ಬಡಿದದ್ದೇ ತಡ, ಕಲಬುರಗಿಯ ಈ ಮೂರನೆಯ ಮಹಡಿಯ ಮನೆ ಸರಿದು ಹೋಗಿ ಶಹಾಬಾದಿನ ನಮ್ಮ ಹಳೆಯ ಮನೆಯ ಹಿತ್ತಲು ಕಣ್ಣ ಮುಂದೆ ಬಂತು. ಫರ್ಸಿ ಕಲ್ಲು ಹಾಸಿದ ಆ ಹಿತ್ತಲಲ್ಲಿ ನನ್ನ ಸೋದರಮಾವ ಶರಣು ಮಾಮಾ ಸಂಜೆಗೊಮ್ಮೆ ಮೊಣಕೈವರೆಗೂ ಚಿಮಣಿ ಎಣ್ಣೆ ಹಚ್ಚಿ, ಆಮೇಲೆ ಬಟ್ಟೆ ಸೋಪಿನ ಪುಡಿಗೆ ಉಸುಕು ಕಲಸಿ ಕೈ ಉಜ್ಜುತ್ತಿದ್ದ. ಎಷ್ಟು ಉಜ್ಜಿದರೂ ಅವನು ಮುರಿದ ರೊಟ್ಟಿಗೆ ಆ ವಾಸನೆ ಹತ್ತಿಯೇ ಇರುತ್ತಿತ್ತು. ಬಾಲ್ಯ ನೆನಪಾದರೆ ಜನರಿಗೆ ಕಣ್ಣು ತುಂಬುತ್ತವಂತೆ. ನನಗೆ ಮೊದಲು ಬಂದದ್ದು ಸಿಟ್ಟು.

ಕೂಡು ಕುಟುಂಬ ಎಂದರೆ ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಮಾತಾಡುವವರಿದ್ದಾರೆ. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಆ ಬೆಲ್ಲಕ್ಕೆ ಎಷ್ಟು ಇರುವೆ ಮುತ್ತುತ್ತಿದ್ದವು ಎಂದು ನಾನು ಹೇಳಬೇಕಿಲ್ಲ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ರಾವೂರಿನ ಗಣಿಗಳಿಂದ ಕಲ್ಲು ಸಾಗಿಸುವ ಲಾರಿಗಳ ಮಾಲೀಕ. ಮನೆಗೊಬ್ಬ ಸೊಸೆ ಬಂದಾಗಲೆಲ್ಲ ಒಂದು ಲಾರಿ ಕೊಂಡು, ಮುಂದಿನ ಗಾಜಿನ ಮೇಲೆ ಅವಳ ಹೆಸರನ್ನು ಹಳದಿ ಬಣ್ಣದಲ್ಲಿ ದೊಡ್ಡದಾಗಿ ಬರೆಸುತ್ತಿದ್ದ. ಸೊಸೆಯರನ್ನು ಎಷ್ಟು ಮರ್ಯಾದೆಯಿಂದ ಕಾಣುತ್ತಾನೆ ನೋಡಿ ಎಂದು ಊರು ಹೊಗಳುತ್ತಿತ್ತು. ಮರ್ಯಾದೆಯಂತೆ, ಮಣ್ಣಂತೆ. ಗಾಜಿನ ಮೇಲೆ ಹೆಸರು ಬರುತ್ತದೆ ಎಂದರೆ ಹುಡುಗಿ ತವರಿನ ಬಂಗಾರವನ್ನು ಕೊರಳಿಂದ ತಾನೇ ಬಿಚ್ಚಿಕೊಡುತ್ತಾಳೆ ಎಂಬುದು ಮುದುಕನಿಗೆ ಗೊತ್ತಿತ್ತು. ಹೀಗೆ ನಮ್ಮ ಹಿತ್ತಲಿಗೆ ಮೂರು ಲಾರಿ ಬಂದವು. ದೊಡ್ಡವ್ವನ ಹೆಸರಿನ ಸಂಗಮ್ಮ, ನನ್ನ ಅವ್ವನ ಹೆಸರಿನ ಕಸ್ತೂರಿ, ಚಿಕ್ಕಪ್ಪನ ಹೆಂಡತಿ ಕಾಕಿಯ ಹೆಸರಿನ ಸುವರ್ಣಾ. ಯಾರ ಲಾರಿ ದುಡಿಯುತ್ತದೋ ಅವರ ಮಾತು ಅಡುಗೆಮನೆಯಲ್ಲಿ ನಡೆಯುತ್ತಿತ್ತು. ಲಾರಿ ನಿಂತವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮುತ್ಯಾ ಸತ್ತ ಮೇಲೆ ಅವನ ಹೆಂಡತಿ, ನಮ್ಮ ಆಯಿ, ಯಜಮಾನಿಕೆ ಹಿಡಿದು ಒಂದು ಮಾತು ಗಟ್ಟಿ ಮಾಡಿದ್ದಳು. "ನಾಳಿ ಪಾಲಾದ್ರ ಯಾರ ಹೆಸರಿನ ಗಾಡಿ ಅವರಿಗೆ. ಅದು ಹ್ಯಾಂಗದನೋ ಹಾಂಗೇ ತಗೋಬೇಕು." ನನ್ನ ಅವ್ವನ ಬಂಗಾರ, ಬದುಕು, ನಾಳೆ ಎಲ್ಲ ಆ ಕಸ್ತೂರಿಯಲ್ಲಿ ಇತ್ತು.

ಅವ್ವನಿಗೆ ಇದ್ದವನು ಒಬ್ಬನೇ ತಮ್ಮ, ಈ ಶರಣು ಮಾಮಾ. ತಮ್ಮೂರು ದಂಡೋತಿಯಲ್ಲಿ ಹೊಲವಿದ್ದರೂ ಮಣ್ಣಿಗಿಂತ ಗ್ರೀಸಿನ ಮೇಲೆ ಅವನಿಗೆ ಪ್ರೀತಿ. ಅವ್ವ ಆಯಿಯ ಕಾಲು ಹಿಡಿದು ಅವನನ್ನು ನಮ್ಮ ಲಾರಿಗಳಿಗೆ ರಿಪೇರಿ ಮಿಸ್ತ್ರಿಯಾಗಿ ಇರಿಸಿದಳು. ಬಂದ ದಿನವೇ ಆಯಿ ಅವನನ್ನು ಪಡಸಾಲೆಯಲ್ಲಿ ನಿಲ್ಲಿಸಿ ಹೇಳಿದ್ದಳಂತೆ: "ಸೊಸಿ ತಮ್ಮ ಅಂತ ಇಟ್ಕೊಂಡೀವಿ. ಅಕ್ಕನ ಗಾಡಿಗೊಂದು, ನಮ್ಮ ಗಾಡಿಗೊಂದು ಮಾಡಿದಿ ಅಂದ್ರ ಅವತ್ತೇ ಹಾದಿ ಹಿಡಿ." ಆ ಮಾತು ಅವನ ಬೆನ್ನಲ್ಲಿ ಹೊಕ್ಕು ಕೂತಿತು. ಆಮೇಲೆ ಆ ಬೆನ್ನು ನೆಟ್ಟಗಾಗಲೇ ಇಲ್ಲ.

ಕೆಲಸದ ಮಾತಿಗೆ ಬಂದರೆ ಅವನಿಗೆ ಹೆಸರಿಡುವಂತಿರಲಿಲ್ಲ. ನಾನು ಅವನನ್ನು ಎಷ್ಟೇ ತುಚ್ಛವಾಗಿ ಕಂಡರೂ ಇದನ್ನು ಒಪ್ಪುತ್ತೇನೆ. ಲಾರಿ ಬಂದು ನಿಂತ ಕೂಡಲೇ ಗಾಲಿ ಗಾಲಿಗೂ ಹೋಗಿ ಬ್ರೇಕಿನ ಡ್ರಮ್ಮಿಗೆ ಅಂಗೈ ಹಚ್ಚುತ್ತಿದ್ದ, ಮಗುವಿಗೆ ಜ್ವರ ಇದೆಯೇ ಎಂದು ನೋಡಿದ ಹಾಗೆ. ಯಾವುದು ಹೆಚ್ಚು ಸುಡುತ್ತದೋ ಅದನ್ನು ಬಿಚ್ಚುವವನೇ. ಟಯರು ಒಂದೇ ಕಡೆ ಸವೆಯದಂತೆ ಹಿಂದಿನದನ್ನು ಮುಂದಕ್ಕೆ, ಎಡದ್ದನ್ನು ಬಲಕ್ಕೆ ಬದಲಿಸುತ್ತಿದ್ದ. ಸ್ಪ್ರಿಂಗಿನ ಪಾಟಾಗಳನ್ನು, ಆ ಉಕ್ಕಿನ ಪಟ್ಟಿಗಳನ್ನು, ಸುತ್ತಿಗೆಯಿಂದ ತಟ್ಟಿ, ದನಿ ಒಡೆದರೆ ಮುರಿಯುವ ಮೊದಲೇ ಬದಲಿಸುತ್ತಿದ್ದ. ಗಾಡಿ ಹಾದಿಯಲ್ಲಿ ಕೆಡಬಾರದು, ಮನೆಯಲ್ಲೇ ಕೆಡಬೇಕು ಎಂಬುದು ಅವನ ಸಿದ್ಧಾಂತ. ಇಂಥ ಕೈ ಇದ್ದವನಿಗೆ ದೇವರು ಒಂದು ಹಿಡಿ ಎದೆ ಕೊಟ್ಟಿದ್ದರೆ ಏನಾಗುತ್ತಿತ್ತು.

ಒಮ್ಮೆ ವಾಡಿಯ ಹತ್ತಿರ ಕಲ್ಲು ತುಂಬಿದ ಸಂಗಮ್ಮ ಕೆಟ್ಟು ನಿಂತಿತು. ಇಂಜಿನ್ ತಿರುಗಿಸುವ ಸೆಲ್ಫ್ ಸುಟ್ಟಿತ್ತು, ಹೊಸದು ಸೊಲ್ಲಾಪುರದಿಂದ ಬರಬೇಕಿತ್ತು. ಹಿತ್ತಲಲ್ಲಿ ಅವ್ವನ ಕಸ್ತೂರಿಯೂ ಕಾಕಿಯ ಸುವರ್ಣಾವೂ ಗಟ್ಟಿಯಾಗಿ ನಿಂತಿದ್ದವು. ಮಾಮಾ ನಟ್ಟು ಬಿಚ್ಚುವ ಪಾನಾ ಹಿಡಿದು ನೇರವಾಗಿ ಹೋದದ್ದು ಅಕ್ಕನ ಲಾರಿಯ ಕೆಳಗೆ. ನಾನು ಅಲ್ಲೇ ಕಲ್ಲಾಟ ಆಡುತ್ತಿದ್ದೆ. ಯಾಕೆ ಇದನ್ನೇ ಬಿಚ್ಚುತ್ತೀ ಎಂದು ದೊಡ್ಡಪ್ಪ ಕೇಳಿದ್ದಕ್ಕೆ, ಕೆಳಗಿನಿಂದಲೇ ನಕ್ಕು ಹೇಳಿದ: "ಅಕ್ಕಂದು ಬಿಚ್ಚಿದ್ರ ನಾಳಿ ಯಾರೂ ನನಗ ಬ್ಯಾರೆ ಮಾತಾಡಂಗಿಲ್ಲ ನೋಡ್ರಿ." ದೊಡ್ಡಪ್ಪನ ಮುಖ ಅರಳಿತು. "ಭೇಷ್, ಮಿಸ್ತ್ರಿ ಅಂದ್ರ ಹಿಂಗಿರಬೇಕು," ಎಂದ. ಆ ಒಂದು ಭೇಷ್‌ಗೆ ನನ್ನ ಮಾವ ಮಾರಾಟವಾದ.

ಬಿಚ್ಚಿದ ಸೆಲ್ಫ್ ತಿರುಗಿ ಬರಲಿಲ್ಲ. ಹೊಸದು ಬಂದಾಗ ಸುವರ್ಣಾದ್ದು ಕೆಟ್ಟಿತ್ತು, ಅದಕ್ಕೆ ಹೋಯಿತು. ಆಮೇಲೆ ಕಸ್ತೂರಿಯ ರೇಡಿಯೇಟರ್ ಹೋಯಿತು, ಡೈನಮೊ ಹೋಯಿತು, ಗಾಲಿಗಳು ಒಂದೊಂದಾಗಿ ಹೋದವು. ಕೊನೆಗೆ ಗೇರ್ ಬಾಕ್ಸೂ ಇಳಿಯಿತು. ಲಾರಿ ನಾಲ್ಕು ಫರ್ಸಿ ಅಟ್ಟಿಗಳ ಮೇಲೆ ಕೂತಿತು, ಗಾಜಿನ ಮೇಲೆ ಹಳದಿ ಹೆಸರು ಮಾತ್ರ ಹಾಗೇ ಇತ್ತು. ಅದನ್ನು ಓಡಿಸುತ್ತಿದ್ದ ನನ್ನ ಅಪ್ಪ ಈಗ ಅಣ್ಣನ ಲಾರಿಗೆ ಡ್ರೈವರ್ ಆದ. ಅವ್ವ ಕೇಳಿದರೆ "ಇರ್ಲಿ ಬಿಡು, ಮನಿ ಅಂದಮ್ಯಾಲ ನಡೀತದ," ಎಂದು ಚಹಾ ಹೀರುತ್ತಿದ್ದ. ಅವನಿಗೆ ಎಲ್ಲದಕ್ಕೂ ಇರಲಿ ಬಿಡು ಎಂಬುದೇ ಮಾತು. ಅಮಾವಾಸ್ಯೆಗೊಮ್ಮೆ ಲಾರಿಗಳನ್ನು ತೊಳೆದು ಲಿಂಬೆಹಣ್ಣು ಕಟ್ಟಿ ಕಾಯಿ ಒಡೆಯುವ ಪದ್ಧತಿ. ಮೊದಮೊದಲು ಕಸ್ತೂರಿಗೂ ಒಂದು ಕಾಯಿ ಇತ್ತು. ಆಮೇಲೆ ಬರೀ ಊದಿನಕಡ್ಡಿ. ಆಮೇಲೆ ಅದೂ ಇಲ್ಲ. ದೊಡ್ಡವ್ವ ಒಮ್ಮೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ, ಕಟ್ಟಿದ ದನದ ಮೇವು ವಿಚಾರಿಸಿದ ಹಾಗೆ ಕೇಳಿದಳು, "ಕಸ್ತೂರಿ, ನಿನ್ನ ಗಾಡಿಗೆ ಇವತ್ತ ಕಣಕಿ ಹಾಕಿಯೇನ?" ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಹೊತ್ತಿಗೆ ಮಾಮಾ ಊಟಕ್ಕೆ ಬಂದ, ಅವ್ವ ಹಂಚಿನ ಮೇಲಿನ ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

"ಯಾವಾಗ ಹೊಂದಿಸ್ತಿ ತಮ್ಮಾ?" ಎಂದು ಅವಳು ಕೇಳಿದ್ದನ್ನು ನಾನು ಬಹಳ ಸಲ ಕೇಳಿದ್ದೇನೆ. "ಬರೋ ಅಮಾಸಿಗಿ, ಅಕ್ಕಾ," ಎನ್ನುತ್ತಿದ್ದ. ಅಮಾವಾಸ್ಯೆಗಳಿಗೇನು ಬರ. ಊರವರ ಮುಂದೆ ಮಾತ್ರ ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದ, ನಾನು ಅಕ್ಕ ಪಕ್ಕ ನೋಡುವವನಲ್ಲ, ನನಗೆ ಎಲ್ಲ ಗಾಡಿಯೂ ಒಂದೇ ಎಂದು. ಊರಿಗೆ ಉಪಕಾರಿ, ಮನೆಗೆ ಮಾರಿ. ಪಕ್ಷಪಾತಿ ಎಂದು ಯಾರಾದರೂ ಅಂದಾರು ಎಂಬ ಅಂಜಿಕೆಗೆ ಒಡಹುಟ್ಟಿದವಳನ್ನು ಬಿಚ್ಚಿ ಹಂಚಿದ ಹೇಡಿ, ಅದಕ್ಕೆ ನ್ಯಾಯ ಎಂದು ಹೆಸರಿಟ್ಟುಕೊಂಡಿದ್ದ.

ಆಯಿ ಹೋದ ಮೇಲೆ ಮನೆ ಪಾಲಾಯಿತು. ಹಿರಿಯರು ಪಡಸಾಲೆಯಲ್ಲಿ ಕೂತು, ಹಣೆಗೆ ವಿಭೂತಿ ಎಳೆದುಕೊಂಡು, ಸತ್ತವಳ ಮಾತು ಮೀರಬಾರದು ಎಂದರು. ಕಲ್ಯಾಣದ ಶರಣರ ಹೆಸರು ಹೇಳದೆ ಬಾಯಿ ತೆರೆಯದ ಜನ ಅವರು. ದೊಡ್ಡಪ್ಪನಿಗೆ ಓಡುವ ಲಾರಿ, ಕಾಕಾನಿಗೆ ಓಡುವ ಲಾರಿ, ನಮಗೆ ಕಲ್ಲಿನ ಮೇಲೆ ಕೂತ ಕಬ್ಬಿಣ. ಕಸ್ತೂರಿಯ ಒಂದೊಂದು ಅಂಗವೂ ಉಳಿದೆರಡರಲ್ಲಿ ಇದೆ ಎಂದು ಬಲ್ಲವನು ಆ ಸಭೆಯಲ್ಲಿ ಒಬ್ಬನೇ ಇದ್ದ. ಹಿರಿಯರು ಅವನನ್ನು, "ಏನಪಾ ಮಿಸ್ತ್ರಿ, ಏನರ ಹೇಳೋದದ?" ಎಂದು ಕೇಳಿದರು. ಅವ್ವ ಬಾಗಿಲ ಹಿಂದಿನಿಂದ ಅವನನ್ನೇ ನೋಡುತ್ತಿದ್ದಳು. ಅವನು ನೆಲ ನೋಡಿಕೊಂಡು, "ನಂದೇನದರಿ, ಹಿರಿಯರು ನೀವು," ಎಂದ. ಅಪ್ಪ, ಇರಲಿ ಬಿಡ್ರಿ ಎಂದ.

ಚಿತ್ತಾಪುರದ ಹಾದಿಯಲ್ಲಿ ಒಂದು ತಗಡಿನ ಮನೆ ಹಿಡಿದೆವು. ಲಾರಿಗೆ ಎರವಲು ಗಾಲಿ ಹಾಕಿ, ಟ್ರಾಕ್ಟರಿಗೆ ಕಟ್ಟಿ ಎಳೆದು ತಂದು ಮುಂದೆ ನಿಲ್ಲಿಸಿದರು. ಮಾಮಾನೂ ದೊಡ್ಡಪ್ಪನ ಕೆಲಸ ಬಿಟ್ಟು ಬಂದ. ಬಂದವನು ಹಗಲೆಲ್ಲ ಅದರ ಕೆಳಗೇ ಮಲಗಿರುತ್ತಿದ್ದ. ಗುಜರಿಗಳನ್ನು ಸುತ್ತಿ ಸಾಮಾನು ಹುಡುಕಿ ತಂದ, ತಂದದ್ದನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಚಾಪೆಯ ಮೇಲೆ ಹರವಿ, ಸವೆದದ್ದನ್ನು ಉಜ್ಜಿ, ಇಲ್ಲದ್ದನ್ನು ತಾನೇ ಕಾಯಿಸಿ ಬಡಿದು ಕೂರಿಸಿದ. ಮಳೆಗಾಲದ ಹೊತ್ತಿಗೆ ಇಂಜಿನ್ ಹತ್ತಿತು. ಅಪ್ಪ ಹುಡುಗರ ಹಾಗೆ ಹಾರಿ ಕೂತು ಹಾರ್ನ್ ಹೊಡೆದ. ಮಾಮಾ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಅವ್ವನ ಮುಂದೆ ನಿಂತ, ಮತ್ತೊಂದು ಭೇಷ್ ಬೇಕಿತ್ತು ಅವನಿಗೆ.

ಅವ್ವ ಕೇಳಿದಳು, "ಬಿಚ್ಚುವಾಗ ನನ್ನ ಒಂದು ಮಾತು ಕೇಳಬೇಕು ಅಂತ ನಿನಗ ಅನ್ನಿಸಲಿಲ್ಲೇನು?"

"ನಿನ್ನೇನ್ ಕೇಳೋದಕ್ಕಾ? ಕೇಳಿದ್ರ ನೀ ಕೊಡ್ತಿದ್ದಿ."

"ಕೊಡ್ತಿದ್ದೆ. ಅದಕ್ಕೇ ಕೇಳಬೇಕಿತ್ತು."

ಅವನಿಗೆ ಅರ್ಥವಾಗಲಿಲ್ಲ. ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಮತ್ತೆ ಅದರತ್ತ ಬಗ್ಗಿದ. ಅವ್ವ ಒಳಗೆ ಹೋಗಿ ಹಿಟ್ಟು ನಾದಲು ಕೂತಳು.

ಅದೇ ವರ್ಷ ಮಾಮಾ ಆದಿತ್ಯನಗರದ ಕಡೆ ಕಾರ್ಖಾನೆ ಕಾರ್ಮಿಕರ ಬಸ್ಸುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ದಂಡೋತಿಯಲ್ಲಿ ಮನೆ ಮಾಡಿದ. ಅವ್ವನಿಗೆ ಈಗ ಮತ್ತೆ ತವರು ಎಂಬುದೊಂದು ಆಯಿತು. ಪ್ರತಿ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ಕರೆಯಲು ಬರುತ್ತಿದ್ದ. ಅವ್ವ ಬೆಳಿಗ್ಗೆಯೇ ಮಿಂದು, ಇಳಕಲ್ ಸೀರೆ ಉಟ್ಟು, ಚೀಲ ತುಂಬಿಟ್ಟುಕೊಂಡು ಕೂತಿರುತ್ತಿದ್ದಳು. ಅವನು ಬಂದು ಉಂಡಿ ತಿಂದು, ಬಸ್ಸುಗಳ ಮಾತಾಡಿ, "ನಡಿ ಅಕ್ಕಾ," ಎನ್ನುತ್ತಿದ್ದ. ಅವಳು ಅದಲ್ಲದೆ ಇನ್ನೊಂದು ಮಾತಿಗೆ ಅವನ ಮುಖ ನೋಡುತ್ತ ಕಾಯುತ್ತಿದ್ದಳು. ಆ ಮಾತು ಬರುತ್ತಿರಲಿಲ್ಲ. "ಈ ವರ್ಷ ಆಗಂಗಿಲ್ಲ ತಮ್ಮಾ," ಎಂದು ಅವನ ಮಕ್ಕಳಿಗೆ ಉಂಡಿ ಕಟ್ಟಿಕೊಟ್ಟು ಕಳಿಸಿ, ಚೀಲದೊಳಗಿನ ಸೀರೆಗಳನ್ನು ಒಂದೊಂದಾಗಿ ತೆಗೆದು ಟ್ರಂಕಿಗೆ ಹಾಕುತ್ತಿದ್ದಳು. ಮರುವರ್ಷ ಮತ್ತೆ ತುಂಬುತ್ತಿದ್ದಳು. ದಂಡೋತಿ ಅಷ್ಟು ಹತ್ತಿರದಲ್ಲಿದ್ದೂ, ಅವಳು ಹೋಗಲಿಲ್ಲ.

ಈಗ ಆ ಲಾರಿ ಇಲ್ಲ, ಅಪ್ಪ ಇಲ್ಲ, ಶಹಾಬಾದಿನ ಹಿತ್ತಲಿನಲ್ಲಿ ಕಲ್ಯಾಣ ಮಂಟಪ ಎದ್ದಿದೆ. ಅಲ್ಲಿ ಪ್ಲಾಸ್ಟಿಕ್ ಹೂವಿನ ಕಮಾನಿನ ಕೆಳಗೆ ಕೂಡು ಕುಟುಂಬದ ಮೇಲೆ ಭಾಷಣಗಳಾಗುತ್ತವೆ. ಅವ್ವ ಕಳೆದ ಬೇಸಿಗೆಯಲ್ಲಿ ತೀರಿಹೋದಳು.

ಈ ಪಂಚಮಿಗೂ ಮಾಮಾ ಬಂದಿದ್ದ. ವಯಸ್ಸಾಗಿದೆ, ಮೂರು ಮಹಡಿ ಹತ್ತುವಷ್ಟರಲ್ಲಿ ಏದುತ್ತಿದ್ದ. ನಾನು ನೀರು ಕೊಟ್ಟೆ, ಉಂಡಿ ಕೊಟ್ಟೆ. ತಾಟು ಮುಂದಿಟ್ಟುಕೊಂಡು ಕೂತವನು, ಕರಿಗಟ್ಟಿದ ಆ ಬೆರಳುಗಳನ್ನು ನೋಡಿಕೊಳ್ಳುತ್ತ, "ಅಕ್ಕನ ಕೇಳದೇ ಬಿಚ್ಚಬಾರದಿತ್ತವ್ವಾ. ಅಂಜಿದ್ದೆ. ನಂದು ತಪ್ಪಾಯ್ತು," ಎಂದ.

ಅವನನ್ನು ಬಯ್ಯಲು ಇಷ್ಟು ವರ್ಷ ಕೂಡಿಟ್ಟಿದ್ದ ಮಾತೆಲ್ಲ ನನ್ನ ಬಾಯಲ್ಲೇ ಇತ್ತು. ಅವನ ಆ ಒಂದು ಮಾತಿಗೆ ಸೀರೆ ಉಟ್ಟು ಕಾದು ಕೂತಿದ್ದವಳು ನಾನಲ್ಲ.